ಜಗಲಿಯ ನೀಲಿ ದೀಪಕ್ಕೆ ಸೊಳ್ಳೆ ಸಾಯುತ್ತಾ?

ಪ್ರಶ್ನೆ: ಸಿದ್ದಾಪುರದ ಹತ್ತಿರ ಕಾಫಿ ತೋಟದಲ್ಲಿ ನಮ್ಮ ಹೋಂಸ್ಟೇ ಇದೆ. ಸಂಜೆ ಜಗಲಿಯಲ್ಲಿ ಕೂರುವ ಅತಿಥಿಗಳಿಗೆ ವಿಪರೀತ ಸೊಳ್ಳೆ ಕಾಟ. ಹೋಟೆಲ್‌ಗಳಲ್ಲಿರುವ ನೀಲಿ ದೀಪದ ಕರೆಂಟ್ ಮಶೀನನ್ನು ಹೊರಗೆ ತೂಗುಹಾಕಿದರೆ ಪ್ರಯೋಜನ ಆಗುತ್ತಾ?

ಉತ್ತರ: ದಯವಿಟ್ಟು ಹಾಕಬೇಡಿ. ರಾತ್ರಿಯೆಲ್ಲ ಚಟಪಟ ಸದ್ದು ಕೇಳುತ್ತದೆ, ಬೆಳಗ್ಗೆ ಟ್ರೇ ತುಂಬಿರುತ್ತದೆ. ಆದರೆ ಸೊಳ್ಳೆ ಕಚ್ಚುವುದು ನಿಲ್ಲುವುದಿಲ್ಲ.

ಯಾರ ಮನೆಯಲ್ಲಾದರೂ ಈ ಮಶೀನ್ ಇದ್ದರೆ ಟ್ರೇಯನ್ನು ಹಳೇ ಪೇಪರ್ ಮೇಲೆ ಸುರಿದು ನೋಡಿ. ಪತಂಗದ ರೆಕ್ಕೆ, ಪುಟ್ಟ ದುಂಬಿಗಳು, ಮೊದಲ ಮಳೆಯಾಗಿದ್ದರೆ ರೆಕ್ಕೆ ಬಂದ ಗೆದ್ದಲು ರಾಶಿ ರಾಶಿ. ಸೊಳ್ಳೆಯನ್ನು ಹುಡುಕಬೇಕು! ಅಮೆರಿಕದ ಡೆಲವೇರ್‌ನಲ್ಲಿ ಮನೆಯಂಗಳದ ಮಶೀನ್‌ಗಳಿಗೆ ಬಿದ್ದ ಹುಳುಗಳನ್ನು ಸಂಶೋಧಕರು ಎಣಿಸಿ 1996ರಲ್ಲಿ ಪ್ರಕಟಿಸಿದರು. ಒಟ್ಟು 13,789 ಹುಳು. ಅದರಲ್ಲಿ ಕಚ್ಚುವಂಥವು ಬರೀ 31.

ಹೆಣ್ಣು ಸೊಳ್ಳೆ ಬರುವುದು ನಮ್ಮ ಉಸಿರು, ಬೆವರಿನ ವಾಸನೆ, ಮೈಯ ಬಿಸಿ ಹಿಡಿದು. ಪಕ್ಕದಲ್ಲೇ ಅತಿಥಿ ಕೂತಿರುವಾಗ ಅದಕ್ಕೆ ದೀಪ ಯಾಕೆ ಬೇಕು, ಅಲ್ವಾ? ಡೆಂಗಿ ಹರಡುವ ಸೊಳ್ಳೆಯಂತೂ ಹೆಚ್ಚಾಗಿ ಹಗಲಲ್ಲೇ ಕಚ್ಚುತ್ತದೆ.

ಸುಮ್ನೆ ಕರೆಂಟ್ ದಂಡವಾದರೆ ಪರವಾಗಿಲ್ಲ ಎನ್ನಬಹುದಿತ್ತು. ನನಗೆ ಸಂಕಟ ಆಗುವುದು ಬೇರೆ ಕಾರಣಕ್ಕೆ. ತೋಟದ ಕೀಟಗಳನ್ನು ತಿಂದು ಬದುಕುವ ಹುಳುಗಳೂ ಇದರಲ್ಲಿ ಸುಟ್ಟುಹೋಗುತ್ತವೆ. ಹೆಜ್ಜೇನು ರಾತ್ರಿ ದೀಪಕ್ಕೆ ಬರುವುದನ್ನು ನೀವೂ ನೋಡಿರುತ್ತೀರಿ. ನಿಮ್ಮ ಕಡೆ ರೊಬಸ್ಟಾ ತಳಿಯ ಕಾಫಿ ಜಾಸ್ತಿ. ಅದು ಕಾಯಿ ಕಟ್ಟಬೇಕಾದರೆ ಬೇರೆ ಗಿಡದ ಪರಾಗವೇ ಬೇಕು. ಹೂ ಬಿಟ್ಟ ಹೊತ್ತಲ್ಲಿ ಜೇನನ್ನು ಸುಡುವುದು ನಮ್ಮ ಫಸಲಿಗೆ ನಾವೇ ಕಲ್ಲು ಹಾಕಿಕೊಂಡಂತೆ.

ಜಗಲಿಗೆ ಒಂದು ಒಳ್ಳೆ ಫ್ಯಾನ್ ಇಡಿ. ಸೊಳ್ಳೆಗೆ ಜೋರು ಗಾಳಿಯಲ್ಲಿ ಹಾರಲು ಆಗುವುದಿಲ್ಲ, ನಮ್ಮ ಉಸಿರಿನ ಜಾಡೂ ಚದುರುತ್ತದೆ. ಗಾಳಿ ಮೇಜಿನ ಕೆಳಗೆ, ಕಾಲಿಗೆ ಬೀಸಬೇಕು. ಕಡಿತ ಜಾಸ್ತಿ ಅಲ್ಲೇ. ಬಿಳಿ ಬಲ್ಬ್ ತೆಗೆದು ಹಳದಿ ಎಲ್‌ಇಡಿ ಹಾಕಿದರೆ ದೀಪದ ಹುಳುಗಳೂ ಕಡಿಮೆಯಾಗುತ್ತವೆ. ವಾರಕ್ಕೊಮ್ಮೆ ಮನೆ ಸುತ್ತ ಒಂದು ಸುತ್ತು ಹಾಕಿ. ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಳೇ ಟೈರ್, ಹೂಕುಂಡದ ತಟ್ಟೆ, ಎಲ್ಲೆಲ್ಲಿ ನೀರು ನಿಂತಿದೆಯೋ ಚೆಲ್ಲಿಬಿಡಿ. ಮರಿಗೆ ರೆಕ್ಕೆ ಬರಲು ವಾರ, ಹತ್ತು ದಿನ ಸಾಕು.

ಮಶೀನ್ ಈಗಾಗಲೇ ತಂದಿದ್ದರೆ ಒಳಗೆ, ನೊಣ ಬರುವ ಸ್ಟೋರ್ ರೂಮಿನಲ್ಲಿ ಹಾಕಿ. ಒಲೆ, ಊಟದ ಮೇಜಿನ ಹತ್ತಿರ ಮಾತ್ರ ಬೇಡ. ಸಿಡಿದ ನೊಣದ ಚೂರು, ಅದರ ಮೈಮೇಲಿನ ರೋಗಾಣು ಸುತ್ತ ಹಾರುತ್ತವೆ.