ಕಮಾಂಡ್ ಕಳಿಸಿದರೆ ಬರೀ ಸೊನ್ನೆ ಬರ್ತಿದೆ!

ಪ್ರಶ್ನೆ: ಸರ್, ನಮ್ಮದು ವಿಜಯಪುರದಲ್ಲಿ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್, ಮನೆ ತಿಕೋಟಾದಲ್ಲಿ. ಸ್ಟೋರೇಜ್ ಆಫೀಸಿನಲ್ಲಿ ಒಂದು ಹಳೆ ಲಿನಕ್ಸ್ ಕಂಪ್ಯೂಟರ್ ಇದೆ, ಕೋಣೆಗಳ ಟೆಂಪರೇಚರ್ ಅದರಲ್ಲೇ ದಾಖಲಾಗುತ್ತದೆ. ಮನೆಯಿಂದಲೇ ನೋಡೋಣ ಅಂತ ಪೈಥಾನ್‌ನಲ್ಲಿ ಸಣ್ಣ ಸಾಕೆಟ್ ಸರ್ವರ್ (ನೆಟ್‌ವರ್ಕ್‌ನಲ್ಲಿ ಬಂದದ್ದನ್ನು ಓದಿ ಉತ್ತರ ಕೊಡುವ ಪ್ರೋಗ್ರಾಮ್) ಬರೆದು, ರೂಟರ್‌ನಲ್ಲಿ ಹೊರಗಿನಿಂದ ಅದಕ್ಕೆ ದಾರಿಯಾಗುವ ಪೋರ್ಟ್ ತೆರೆದಿದ್ದೇನೆ. ಬಂದ ಕಮಾಂಡನ್ನು ಓಡಿಸೋಕೆ ಪೈಥಾನ್‌ನ ಓಎಸ್.ಸಿಸ್ಟಮ್‌ಗೆ ಕೊಡ್ತೀನಿ. ಏನು ಕಳಿಸಿದರೂ ವಾಪಸ್ ಬರೋದು 0. ಒಂದ್ಸಲ ಪಿಂಗ್ (ಇನ್ನೊಂದು ಕಂಪ್ಯೂಟರ್ ಸಿಗುತ್ತಾ ಅಂತ ನೋಡುವ ಕಮಾಂಡ್) ಕಳಿಸಿದ್ದಕ್ಕೆ ಸರ್ವರ್ ಅಲ್ಲೇ ನಿಂತುಬಿಟ್ಟಿತು, ಅಪ್ಪ ಹೋಗಿ ಆಫ್ ಮಾಡಿ ಆನ್ ಮಾಡಬೇಕಾಯ್ತು. — ಓದುಗ, ತಿಕೋಟಾ

ಉತ್ತರ: ಆ 0 ಅಂದರೆ ಕಮಾಂಡ್ ಸರಿಯಾಗಿ ಮುಗಿಯಿತು ಅಂತ. ಓಎಸ್.ಸಿಸ್ಟಮ್ ನಿಮ್ಮ ಕೈಗೆ ಕೊಡೋದು ಅಷ್ಟನ್ನೇ. ನಿಮಗೆ ಬೇಕಾದ ಸಾಲುಗಳೆಲ್ಲ ವಿಜಯಪುರದ ಆ ಪರದೆ ಮೇಲೆ ಬಿದ್ದಿವೆ, ಪಾಪ ನೋಡೋರಿಲ್ಲ. ಸಬ್‌ಪ್ರೊಸೆಸ್.ರನ್ ಬಳಸಿ, ಕ್ಯಾಪ್ಚರ್_ಔಟ್‌ಪುಟ್ ಟ್ರೂ ಮಾಡಿ (ಪೈಥಾನ್ 3.7 ಅಥವಾ ಅದಕ್ಕಿಂತ ಹೊಸದು ಇರಬೇಕು), ಬಂದ ಎಸ್‌ಟಿಡಿಔಟ್ (ಕಮಾಂಡ್ ಬರೆದ ಸಾಲುಗಳು) ಅನ್ನು ಸಾಕೆಟ್‌ಗೆ ಕಳಿಸಿ.

ಲಿನಕ್ಸ್‌ನಲ್ಲಿ ಪಿಂಗ್ ತಾನಾಗಿ ನಿಲ್ಲಲ್ಲ, ನಾವೇ ಎಣಿಕೆ ಹೇಳಬೇಕು. ಯಾವ ಕಮಾಂಡಿಗೇ ಆಗಲಿ ಟೈಮ್‌ಔಟ್ 10 ಅಂತ ಕೊಟ್ಟಿಡಿ. 10 ಸೆಕೆಂಡಿನಲ್ಲಿ ಮುಗಿಯದಿದ್ದರೆ ಪೈಥಾನ್ ಅದನ್ನು ಕೊಂದು ಒಂದು ಎರರ್ ಎಸೆಯುತ್ತದೆ. ಅದನ್ನು ಎಕ್ಸೆಪ್ಟ್‌ನಲ್ಲಿ ಹಿಡಿಯಿರಿ, ಇಲ್ಲಾಂದ್ರೆ ಈ ಸಲ ಸರ್ವರ್ರೇ ಬೀಳುತ್ತೆ, ಅಪ್ಪ ಮತ್ತೆ ಗಾಡಿ ಹತ್ತಬೇಕು.

ನಿಜ ಹೇಳಬೇಕಂದ್ರೆ ನನಗೆ ಭಯವಾಗಿದ್ದು ‘ಪೋರ್ಟ್ ತೆರೆದಿದ್ದೇನೆ’ ಅನ್ನೋ ಮಾತಿಗೆ. ತೆರೆದ ಪೋರ್ಟ್ ಹುಡುಕೋ ಪ್ರೋಗ್ರಾಮ್‌ಗಳು ಇಂಟರ್ನೆಟ್‌ನಲ್ಲಿ ಹಗಲೂ ರಾತ್ರಿ ಓಡಾಡುತ್ತಿರುತ್ತವೆ. ನಿಮ್ಮ ಸರ್ವರ್ ಪಾಸ್‌ವರ್ಡ್ ಕೇಳಲ್ಲ, ಬಂದಿದ್ದನ್ನು ಓಡಿಸುತ್ತೆ. ಡಿಸ್ಕ್‌ನಲ್ಲಿ ಜಾಗ ಎಷ್ಟಿದೆ ಅಂತ ಹೇಳುವ ‘ಡಿಎಫ್’ ಅಂತ ಬರೆದು, ಒಂದು ಅರ್ಧವಿರಾಮ ಹಾಕಿ, ಮುಂದೆ ಫೈಲ್ ಅಳಿಸುವ ‘ಆರ್‌ಎಂ’ ಸೇರಿಸಿ ಯಾರಾದರೂ ಕಳಿಸಿದರೆ ಶೆಲ್ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್) ಎರಡನ್ನೂ ಒಂದರ ಹಿಂದೊಂದು ಮಾಡಿ ಮುಗಿಸುತ್ತೆ, ಅದೂ ನೀವು ಸರ್ವರನ್ನು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡಿಸುತ್ತಿದ್ದರೆ ದಾಖಲೆ ಒಂದೂ ಉಳಿಯಲ್ಲ. ರನ್‌ಗೆ ಬದಲಿಸಿದ ಮೇಲೆ ‘ಡಿಎಫ್ -ಎಚ್’ ಕೊಟ್ಟರೆ ‘ಅಂಥ ಫೈಲ್ ಇಲ್ಲ’ ಅನ್ನುತ್ತೆ, ಯಾಕಂದ್ರೆ ಅದು ಸ್ಪೇಸ್ ಸಮೇತ ಅಷ್ಟೂ ಹೆಸರಿನ ಪ್ರೋಗ್ರಾಮ್ ಹುಡುಕುತ್ತೆ. ಆಗ ಗೆಳೆಯರು ಶೆಲ್ ಟ್ರೂ ಮಾಡು ಅಂತಾರೆ. ಬೇಡ, ಮತ್ತೆ ಅದೇ ಅರ್ಧವಿರಾಮದ ಕಥೆ. ಲಿಸ್ಟ್ ಆಗಿ ಕೊಡಿ: ಡಿಎಫ್ ಒಂದು, -ಎಚ್ ಇನ್ನೊಂದು.

ಅದಕ್ಕಿಂತ ಒಳ್ಳೇದು, ಮನೆಯಿಂದ ಕಮಾಂಡನ್ನೇ ಕಳಿಸಬೇಡಿ, ಬರೀ ಹೆಸರು ಕಳಿಸಿ. ಖಾನಾವಳಿಯಲ್ಲಿ ಎಣ್ಣೆಗಾಯಿ ಬೇಕು ಅಂತೀವಿ, ಒಳಗೆ ಹೋಗಿ ಒಲೆ ಮುಟ್ಟಲ್ಲ ಅಲ್ವಾ? ಸರ್ವರ್‌ನಲ್ಲಿ ಒಂದು ಡಿಕ್ಷನರಿ ಇಡಿ, ‘ಡಿಸ್ಕ್’ ಬಂದರೆ ಈ ಲಿಸ್ಟ್ ಓಡಿಸು, ‘ಕೋಣೆ’ ಬಂದರೆ ಟೆಂಪರೇಚರ್ ಫೈಲಿನ ಕೊನೆಯ 20 ಸಾಲು ಕೊಡು. ಅದರಲ್ಲಿಲ್ಲದ್ದು ಬಂದರೆ ‘ಗೊತ್ತಿಲ್ಲ’ ಅಂದು ಸುಮ್ನಾಗಲಿ. ಹುಡುಕುವ ಮೊದಲು ಸ್ಟ್ರಿಪ್ ಮಾಡಿ, ಕೊನೆಗೆ ಅಂಟಿಕೊಂಡು ಬರೋ ಎಂಟರ್‌ನಿಂದ ‘ಡಿಸ್ಕ್’ ಕೂಡ ಸಿಗದೆ ತಲೆ ಕೆಡುತ್ತೆ.

ಕಲಿಯೋಕೆ ಇದೆಲ್ಲ ಚೆನ್ನ. ದಿನದ ಕೆಲಸಕ್ಕಾದರೆ ಆ ಪೋರ್ಟ್ ಇವತ್ತೇ ಮುಚ್ಚಿ, ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಹಾಕಿಕೊಳ್ಳಿ. 1995ರಲ್ಲಿ ಫಿನ್‌ಲೆಂಡ್‌ನ ತಾತು ಯುಲೋನೆನ್ ಅದನ್ನು ಬರೆದಿದ್ದೇ ಅವರ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದ್ದ ಮೇಲೆ. ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ, ಕೀ (ಪಾಸ್‌ವರ್ಡ್ ಬದಲು ನಿಮ್ಮ ಕಂಪ್ಯೂಟರಿನಲ್ಲಿರುವ ಗುಪ್ತ ಫೈಲ್) ಮಾತ್ರ ಇಡಿ. ಒಂದು ಕೀಗೆ ಒಂದೇ ಕಮಾಂಡ್ ಅಂತ ಕಟ್ಟಿಹಾಕುವ ಸೌಲಭ್ಯವೂ ಅದರಲ್ಲಿದೆ.

ಪ್ರಶ್ನೆ: ನನ್ನ ಸರ್ವರ್‌ಗೆ ‘ಸಿಡಿ’ ಕಳಿಸಿದರೆ ಎರರ್ ಇಲ್ಲ, ಆದರೆ ಫೋಲ್ಡರ್ ಬದಲಾಗಲ್ಲ. ಯಾಕೆ? — ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಬದಲಾಗುತ್ತೆ, ಆದರೆ ಆ ಕಮಾಂಡಿಗೆ ಅಂತ ಹುಟ್ಟಿದ ಶೆಲ್‌ನಲ್ಲಿ. ಅದು ಮುಗಿದ ಕೂಡಲೇ ಆ ಶೆಲ್ಲೂ ಹೋಯ್ತು, ನಿಮ್ಮ ಪೈಥಾನ್ ಇದ್ದಲ್ಲೇ ಇದೆ. ಎಲ್ಲಿಗೆ ಹೋಗಬೇಕೋ ಅದನ್ನು ನೀವೇ ನೆನಪಿಟ್ಟುಕೊಂಡು ಪ್ರತಿ ಸಲ ರನ್‌ಗೆ ಸಿಡಬ್ಲ್ಯೂಡಿ ಅಂತ ಕೊಡಿ.