16 ವರ್ಷದ ಮಗನನ್ನು ಬಾಲಮಂದಿರಕ್ಕೆ ಬಿಡಬಹುದೇ?

ಪ್ರಶ್ನೆ: ಮಗನಿಗೆ 16 ವರ್ಷ, ಪಿಯುಸಿ ಮೊದಲ ವರ್ಷದಲ್ಲಿದ್ದಾನೆ. ಗಂಡ ಮೀನುಗಾರಿಕೆ ಬೋಟಿನಲ್ಲಿ ದುಡಿಯುತ್ತಾರೆ, ಹೋದರೆ ದಿನಗಟ್ಟಲೆ ಕಡಲಲ್ಲೇ. ಮಗ ಕಾಲೇಜಿಗೆಂದು ಹೊರಟು, ಅಪ್ಪನ ಬೈಕಿನಲ್ಲಿ ಮಾಜಾಳಿ ದಾಟಿ ಗೋವಾಕ್ಕೆ ಹೋಗಿ ಕುಡಿದು ಬರುತ್ತಾನೆ. ಕಳೆದ ತಿಂಗಳು ನನ್ನ ಬೆಂಡೋಲೆ ಕಾಣೆಯಾಯಿತು. ಅವನ ಜತೆಗಿರುವ 24 ವರ್ಷದ ಒಬ್ಬ ಅದನ್ನು ಗಿರವಿ ಇಟ್ಟಿದ್ದ. ಕೇಳಿದ್ದಕ್ಕೆ ಮಗ ನನ್ನನ್ನು ದೂಡಿದ. ಪೊಲೀಸರಿಗೆ ದೂರು ಕೊಡಲೇ? ಬಾಲಮಂದಿರಕ್ಕೆ ಬಿಡಲೇ? ‘ಇವನಿಗೂ ನಮಗೂ ಸಂಬಂಧವಿಲ್ಲ’ ಎಂದು ಪತ್ರಿಕೆಯಲ್ಲಿ ಹಾಕಿಸಿ ಎನ್ನುತ್ತಾನೆ ಮೈದುನ.
– ಒಬ್ಬ ತಾಯಿ, ಕಾರವಾರ

ಉತ್ತರ: ತಂಗಿ, ಮೈದುನನ ಮಾತನ್ನು ಇಲ್ಲಿಗೇ ಬಿಡಿ. ಪತ್ರಿಕಾ ಪ್ರಕಟಣೆಯಿಂದ ಹೆತ್ತವರ ಹೊಣೆ ಕಳಚುವುದಿಲ್ಲ. ಸಿಟ್ಟಿನಲ್ಲಿ ಮನೆಯಿಂದ ಹೊರಹಾಕಿದರೆ 2015ರ ಬಾಲ ನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ನಿಮ್ಮ ಮೇಲೆಯೇ ಪ್ರಕರಣವಾದೀತು.

ನಿಮ್ಮ ಕಾಗದ ಓದುವಾಗ ನನಗೆ ಎದೆ ಧಸಕ್ಕೆಂದದ್ದು ಬೈಕಿನ ಮಾತಿಗೆ. ಕುಡಿದ ಹುಡುಗ, 66ನೇ ಹೆದ್ದಾರಿ! ಕೀಲಿಯನ್ನು ಇಂದೇ ನೆರೆಮನೆಯಲ್ಲಿ ಕೊಟ್ಟಿಡಿ. ಅವನು ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯಡಿ ನಿಮ್ಮ ಯಜಮಾನರಿಗೆ 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಬಾಲಮಂದಿರಕ್ಕೆ ಸೇರಿಸುವುದು ಹೆತ್ತವರ ಕೈಯಲ್ಲಿಲ್ಲ, ಅದನ್ನು ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ವ್ಯಸನಕ್ಕೆ ಬೀಳುವ ಅಪಾಯದಲ್ಲಿರುವ ಮಗುವನ್ನು ಕಾನೂನು ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಗು’ ಎಂದೇ ಎಣಿಸುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಸಮಿತಿಯ ಮುಂದೆ ಹೋಗುವ ದಾರಿ ತೋರಿಸುತ್ತಾರೆ. ಸಮಿತಿ ನಿಮ್ಮ ಮನೆಯ ಸ್ಥಿತಿಯನ್ನು ವಿಚಾರಿಸಿ, ಮಗನ ಮಾತನ್ನೂ ಕೇಳಿ, ಆಪ್ತ ಸಮಾಲೋಚನೆಗೆ ಕಳುಹಿಸಬಹುದು, ಮೇಲ್ವಿಚಾರಣೆಯಲ್ಲಿ ಮನೆಯಲ್ಲೇ ಉಳಿಸಬಹುದು. ಬಾಲಮಂದಿರ ಬೇರೆ ದಾರಿ ಕಾಣದಾಗಿನ ಮಾತು. ಸಮಿತಿಗೆ ದೂರು ಹೇಳಲು ಹೋಗಬೇಡಿ, ನೆರವು ಕೇಳಲು ಹೋಗಿ.

ಕೆಲವು ವರ್ಷಗಳ ಹಿಂದೆ ಶಿರಸಿ ಕಡೆಯ ತಂದೆಯೊಬ್ಬರು ನನ್ನ ಕಚೇರಿಗೆ ಒಂದು ನೋಟ್‌ಬುಕ್ ತಂದಿದ್ದರು. ಮುಂದಿನಿಂದ ಅಡಿಕೆ ಕೊಯ್ಲಿನ ಕೂಲಿ ಲೆಕ್ಕ. ಹಿಂದಿನಿಂದ ಮಗನದು: ಯಾವ ರಾತ್ರಿ ಎಷ್ಟು ಗಂಟೆಗೆ ಬಂದ, ಉಂಡನೋ ಇಲ್ಲವೋ. ‘ಉಣ್ಣಲಿಲ್ಲ’ ಎಂಬುದರ ಕೆಳಗೆ ಪ್ರತಿ ಸಲವೂ ಗೆರೆ. ನಾನು ಬರೆದುಕೊಟ್ಟ ಅರ್ಜಿಗಿಂತ ಆ ಹಾಳೆಗಳನ್ನೇ ಸಮಿತಿಯವರು ಹೆಚ್ಚು ಹೊತ್ತು ಓದಿದರು. ನೀವೂ ಬರೆದಿಡಿ.

ಪೊಲೀಸ್ ದೂರು ಬೇಕಾದದ್ದು ಆ 24ರವನ ಮೇಲೆ. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ವಯಸ್ಕನಿಗೆ ಬಾಲ ನ್ಯಾಯ ಕಾಯ್ದೆಯ 83ನೇ ಕಲಮಿನಲ್ಲಿ 7 ವರ್ಷದವರೆಗೆ ಕಠಿಣ ಸೆರೆ ಇದೆ. ಹೆಂಡ ಕುಡಿಸಿದ್ದೂ ಅವನೇ ಆದರೆ 77ನೇ ಕಲಂ ಕೂಡ ಸೇರುತ್ತದೆ. ಗಿರವಿ ಚೀಟಿಯ ಪ್ರತಿ ಸಿಕ್ಕಿದರೆ ಜೋಪಾನ. ಒಂದು ಮಾತು ಮುಚ್ಚಿಡಲಾರೆ, ತನಿಖೆಯಲ್ಲಿ ಮಗನ ಹೆಸರೂ ಬರುತ್ತದೆ. ಆದರೆ ಅವನ ವಿಚಾರಣೆ ನಡೆಯುವುದು ಬಾಲ ನ್ಯಾಯ ಮಂಡಳಿಯಲ್ಲಿ. ಅವನನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ.

ವಕೀಲರ ಫೀಜಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ನೆರವು ಉಚಿತ. ಕಾರವಾರದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಕುಡಿತದ ವಿಷಯಕ್ಕೆ ಮನೋವೈದ್ಯರನ್ನೂ ಕಾಣಿಸಿ. ಫೋನಿನಲ್ಲಾದರೆ ಮಾನಸಿಕ ಆರೋಗ್ಯ ಸಹಾಯವಾಣಿ 14416, ಅದಕ್ಕೂ ದುಡ್ಡಿಲ್ಲ.

ಸಮಿತಿಯ ಮುಂದೆ ಹೋಗಲು ಯಜಮಾನರು ದಡಕ್ಕೆ ಬಂದ ದಿನವನ್ನೇ ಆರಿಸಿಕೊಳ್ಳಿ. ಮಗನ ಒಂದು ಪಕ್ಕ ನೀವು ಕುಳಿತರೆ ಇನ್ನೊಂದು ಪಕ್ಕ ಅವರು ಕುಳಿತಿರಲಿ.