ಕನ್ನಡದ ಹಳೆಯ ಕಲಾತ್ಮಕ ಚಿತ್ರಗಳನ್ನೂ ಧಾರಾವಾಹಿಗಳನ್ನೂ ಒಂದೂವರೆ ಪಟ್ಟು ವೇಗದಲ್ಲಿ ನೋಡಿದರೆ ನಷ್ಟವೇನಾದರೂ ಇದೆಯೇ?

ಖಂಡಿತ ಇದೆ. ಪ್ರಶಸ್ತಿ ಪಡೆದ ಚಿತ್ರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಇವೆಲ್ಲ ಬಹಳ ನಿಧಾನವಾದ್ದರಿಂದ ವೇಗ ಹೆಚ್ಚಿಸಿ ರಜೆ ಮುಗಿಯುವುದರೊಳಗೆ ನೋಡಿಬಿಡಬಹುದೇ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನು ಮಾಡಿದ್ದೂ ಅದನ್ನೇ.

ಆಗ ಒಂದು ಸಾಹಿತ್ಯ ಪತ್ರಿಕೆಯವರು ಕಾದಂಬರಿ ಆಧಾರಿತ ಕನ್ನಡ ಚಿತ್ರಗಳ ಬಗ್ಗೆ ನನ್ನಿಂದ ಲೇಖನ ಕೇಳಿದ್ದರು. ಕಾದಂಬರಿಗಳನ್ನೆಲ್ಲ ಮೊದಲೇ ಓದಿಕೊಂಡಿದ್ದೆನಾದ್ದರಿಂದ ಕಥೆ ಗೊತ್ತೇ ಇದೆ, ಚಿತ್ರಗಳನ್ನು ಒಮ್ಮೆ ಕಣ್ಣಾಡಿಸಿದರೆ ಸಾಕು ಎಂದುಕೊಂಡು ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’ ಮೂರನ್ನೂ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ, ಟಿಪ್ಪಣಿ ಮಾಡಿಕೊಂಡು ಲೇಖನ ಬರೆದುಕೊಟ್ಟೆ. ಅದರಲ್ಲಿ ‘ಚೋಮನ ದುಡಿ’ಯ ಕೊನೆಯ ದೃಶ್ಯದ ಬಗ್ಗೆ ಒಂದು ಪ್ಯಾರಾ ಇತ್ತು. ಚೋಮ ತನ್ನ ಗುಡಿಸಲಿನೊಳಗೆ ಕುಳಿತು ಬಾರಿಸುವ ದುಡಿಯಲ್ಲಿ ಹಬ್ಬದ ಆವೇಶವಿದೆ, ಸಾವಿನ ಎದುರಿನಲ್ಲೂ ಅವನು ಉತ್ಸಾಹದಿಂದ ಉಕ್ಕುತ್ತಾನೆ ಎಂದು ಅದರಲ್ಲಿ ಬರೆದಿದ್ದೆ. ಸಂಪಾದಕರು ಆ ಚಿತ್ರವನ್ನು ಚಿತ್ರಮಂದಿರದಲ್ಲಿ ನೋಡಿದ್ದವರು. ಆ ಪ್ಯಾರಾದ ಕೆಳಗೆ ಗೆರೆ ಎಳೆದು ಲೇಖನವನ್ನು ಹಿಂದಿರುಗಿಸಿದರು. ಮತ್ತೆಂದೂ ಆ ಪತ್ರಿಕೆ ನನ್ನಿಂದ ಸಿನಿಮಾ ಬರಹ ಕೇಳಲಿಲ್ಲ.

ಇಲ್ಲಿ ಏನಾಯಿತೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಿರುವುದೇ ಇದರಲ್ಲಿ. ವೇಗ ಹೆಚ್ಚಿಸಿದಾಗ ಈಗಿನ ಆ್ಯಪ್‌ಗಳು ದನಿಯ ಶ್ರುತಿಯನ್ನು ಇದ್ದಂತೆಯೇ ಉಳಿಸಿಕೊಡುತ್ತವೆ. ಮಾತು ಕೀರಲಾಗುವುದಿಲ್ಲವಾದ್ದರಿಂದ ಏನೂ ಕೆಟ್ಟಿಲ್ಲವೆಂದೇ ಭಾಸವಾಗುತ್ತದೆ. ಆದರೆ ಶ್ರುತಿ ಉಳಿದರೂ ಲಯ ಉಳಿಯುವುದಿಲ್ಲ. ವಿಳಂಬದಲ್ಲಿ ಇರುವುದನ್ನು ದ್ರುತಕ್ಕೆ ತಂದರೆ ಭಾವವೇ ಬೇರೆಯಾಗುತ್ತದೆ ಎನ್ನುವುದು ಸಂಗೀತ ಕೇಳುವ ಯಾರಿಗಾದರೂ ಗೊತ್ತು. ಚೋಮ ಒಂದು ತುಂಡು ಭೂಮಿಯಲ್ಲಿ ಬೇಸಾಯ ಮಾಡಬೇಕೆಂದು ಜೀವನವಿಡೀ ಹಂಬಲಿಸಿದವನು. ಹುಟ್ಟಿದ ಜಾತಿಯ ಕಾರಣಕ್ಕೆ ಅದು ಅವನಿಗೆ ಸಿಗುವುದಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪಿ ಹೋಗುತ್ತಾರೆ. ಕೊನೆಗೆ ನೇಗಿಲನ್ನು ಮುರಿದು, ಎತ್ತುಗಳನ್ನು ಅಟ್ಟಿ, ಬಾಗಿಲು ಮುಚ್ಚಿಕೊಂಡು ಅವನು ದುಡಿ ಬಾರಿಸುತ್ತಾನೆ. ಆ ಬಡಿತಗಳ ನಡುವಿನ ಅಂತರದಲ್ಲಿ ದಣಿದ ಮುದುಕನ ತೋಳಿದೆ. ನಾನು ಆ ಅಂತರವನ್ನೇ ಕತ್ತರಿಸಿ, ಉಳಿದದ್ದನ್ನು ಉತ್ಸಾಹವೆಂದು ತಿಳಿದೆ. ಆ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಎಂ.ವಿ. ವಾಸುದೇವರಾವ್ ಅವರ ಅಭಿನಯವನ್ನು ನೋಡಿಯೂ ನಾನು ನೋಡಿರಲಿಲ್ಲ. ನಾನು ಕೇಳಿದ ದುಡಿ ಬಿ.ವಿ. ಕಾರಂತರು 1975ರಲ್ಲಿ ತೆಗೆದ ಚಿತ್ರದಲ್ಲಿ ಇರಲೇ ಇಲ್ಲ.

ಅನಂತರ ಮೂರನ್ನೂ ಸಹಜ ವೇಗದಲ್ಲಿ ಮತ್ತೆ ನೋಡಿದೆ. ‘ಘಟಶ್ರಾದ್ಧ’ ನನಗೆ ಸಂಪೂರ್ಣ ಬೇರೆಯದೇ ಚಿತ್ರವಾಗಿ ಕಂಡಿತು. 1977ರ ಈ ಕಪ್ಪು-ಬಿಳುಪು ಚಿತ್ರ ಗಿರೀಶ್ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ವೇದಾಧ್ಯಯನಕ್ಕೆಂದು ಉಡುಪರ ಮನೆಗೆ ಬಂದ ನಾಣಿ ಎಂಬ ಹುಡುಗನ ಕಣ್ಣಿನಿಂದಲೇ, ಉಡುಪರ ವಿಧವೆ ಮಗಳು ಯಮುನಾಳ ಕಥೆ ಇಲ್ಲಿ ತೆರೆದುಕೊಳ್ಳುತ್ತದೆ. ಯಮುನಾ ಬಸುರಿಯೆಂಬುದು ನಮಗೆ ತಿಳಿಯುತ್ತದೆ, ಹುಡುಗನಿಗೆ ತಿಳಿಯುವುದಿಲ್ಲ. ಅವನು ಸುಮ್ಮನೆ ನೋಡುತ್ತಾನೆ, ನೋಡುತ್ತಲೇ ಇರುತ್ತಾನೆ. ಅರ್ಥವಾಗದ ಮಗುವೊಂದು ಎಷ್ಟು ಹೊತ್ತು ನೋಡುತ್ತದೆಯೋ ಅಷ್ಟು ಹೊತ್ತು ನಾವೂ ನೋಡಬೇಕು. ಅವಳು ಹಾವು ಕಚ್ಚಲೆಂದು ಹುತ್ತದೊಳಗೆ ಕೈಯಿಡುವಾಗ ಆಗುವ ಸಂಕಟ ಕಾಯುವುದರಿಂದಲೇ ಬರುವಂಥದ್ದು. ಹತ್ತು ಸೆಕೆಂಡಿನ ಮೌನ ಒಂದೂವರೆ ಪಟ್ಟು ವೇಗದಲ್ಲಿ ಏಳು ಸೆಕೆಂಡಿಗೂ ಕಡಿಮೆಯಾಗುತ್ತದೆ. ಲೆಕ್ಕದಲ್ಲಿ ಅದು ಅಲ್ಪ, ಆದರೆ ನಮ್ಮ ಎದೆ ಬಿಗಿಯುವುದು ಆ ಕೊನೆಯ ಮೂರು ಸೆಕೆಂಡುಗಳಲ್ಲಿ. ಸಂಸ್ಕರಿಸಿದ ಇದರ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಎಂದಾದರೂ ನಿಮ್ಮ ಊರಿನ ಹತ್ತಿರ ಅದರ ಪ್ರದರ್ಶನವಿದ್ದರೆ ಕೆಲಸ ಬಿಟ್ಟಾದರೂ ಹೋಗಿ.

ನಿಮ್ಮ ಪ್ರಶ್ನೆಯ ಇನ್ನೊಂದು ಊಹೆಯನ್ನೂ ನಾನು ಒಪ್ಪುವುದಿಲ್ಲ. ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲವನ್ನು ಪಡೆದ ಚಿತ್ರಗಳನ್ನು ನೋಡಿದರೆ ಕನ್ನಡ ಚಿತ್ರರಂಗವನ್ನು ನೋಡಿದಂತೆ ಎಂದು ನೀವು ಭಾವಿಸಿದ್ದೀರಿ. ಆ ಪಟ್ಟಿಯಲ್ಲಿ ‘ಶರಪಂಜರ’ ಇಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದಾಗ, ಮಾನಸಿಕ ಚಿಕಿತ್ಸೆ ಪಡೆದು ಮನೆಗೆ ಮರಳಿದ ಹೆಣ್ಣನ್ನು ಮನೆಯವರೂ ಊರಿನವರೂ ಹೇಗೆ ಮತ್ತೆ ಹುಚ್ಚಿಗೆ ತಳ್ಳುತ್ತಾರೆಂಬುದನ್ನು ಕಲ್ಪನಾ ಅಭಿನಯಿಸಿ ತೋರಿಸಿದರು. ಹಾಡುಗಳಿವೆ, ಭಾವೋದ್ವೇಗವಿದೆ, ಆದ್ದರಿಂದ ಅದು ‘ಕಲಾತ್ಮಕ’ ಅಲ್ಲ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಕಾವೇರಿಯ ಪಾತ್ರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರಿಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯದಲ್ಲ. ಹಾಗೆ ನೋಡಿದರೆ ‘ಸಂಸ್ಕಾರ’ದಲ್ಲಿ ಮಾತು ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ, ಗಿರೀಶ ಕಾರ್ನಾಡರ ಮುಖ ಹೇಳುತ್ತಿರುವುದನ್ನು ಕೆಲವೆಡೆ ಸಂಭಾಷಣೆ ಮತ್ತೊಮ್ಮೆ ಹೇಳುತ್ತದೆ. ಆದರೂ ನಾರಣಪ್ಪನ ಹೆಣವನ್ನು ಮುಂದಿಟ್ಟುಕೊಂಡು ಅಗ್ರಹಾರ ಹಸಿದು ಕೂತಿರುವ ಭಾಗಗಳನ್ನು ಬಿಟ್ಟುಕೊಡಲಾರೆ.

ಇನ್ನು ಧಾರಾವಾಹಿಗಳು. ನಿಧಾನ ಬೇರೆ, ಎಳೆಯುವುದು ಬೇರೆ. ನೀವು ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. ‘ತಬರನ ಕಥೆ’ ಚಿತ್ರದಲ್ಲಿ ಚಾರುಹಾಸನ್ ಒಂದು ಕಚೇರಿಯಿಂದ ಇನ್ನೊಂದಕ್ಕೆ ಪಿಂಚಣಿಗಾಗಿ ಅಲೆಯುವಾಗ, ಪ್ರತಿ ಸಲವೂ ಅವರ ಬೆನ್ನು ಇನ್ನಷ್ಟು ಬಾಗಿರುತ್ತದೆ, ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ಇನ್ನಷ್ಟು ಬಲಿತಿರುತ್ತದೆ. ಅದು ನಿಧಾನ. ಸೊಸೆಯ ಒಂದು ಮಾತಿಗೆ ಮನೆಯ ಎಲ್ಲರ ಮುಖವನ್ನೂ ಸಿಡಿಲಿನ ಸದ್ದಿನೊಂದಿಗೆ ಮೂರು ಮೂರು ಸಲ ತೋರಿಸಿ, ಮರುದಿನದ ಸಂಚಿಕೆಯಲ್ಲಿ ಅದನ್ನೇ ಮತ್ತೆ ಹಾಕುವುದು ಎಳೆಯುವುದು. ಎರಡನೆಯದನ್ನು ನೀವು ಎಷ್ಟು ವೇಗದಲ್ಲಿ ಬೇಕಾದರೂ ನೋಡಿ, ನೋಡದೆಯೂ ಇರಿ. ಆದರೆ ಧಾರಾವಾಹಿಯೆಂದರೆ ಅಷ್ಟೇ ಎಂದುಕೊಂಡರೆ ‘ಮಾಯಾಮೃಗ’ ಕೈತಪ್ಪುತ್ತದೆ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಸೇರಿ ದೂರದರ್ಶನಕ್ಕೆ ಮಾಡಿದ ಅದರಲ್ಲಿ ಮಧ್ಯಮವರ್ಗದ ಮನೆಯ ಜನ ಅಡುಗೆಮನೆಯಲ್ಲಿ ನಿಂತು ಹೇಗೆ ಮಾತಾಡುತ್ತಾರೋ ಹಾಗೆಯೇ ಮಾತಾಡಿದರು. ‘ಗೃಹಭಂಗ’ವೂ ಕೈತಪ್ಪುತ್ತದೆ. ಭೈರಪ್ಪನವರ ನಂಜಮ್ಮನನ್ನು ಕಾಸರವಳ್ಳಿಯವರು ಎರಡು ಗಂಟೆಯ ಚಿತ್ರದಲ್ಲಿ ತಂದಿದ್ದರೆ ಅವಳ ತಾಳ್ಮೆ ಒಂದು ಗುಣವಾಗಿ ಮಾತ್ರ ಕಾಣುತ್ತಿತ್ತು. ದಿನದಿನವೂ ಮನೆಯೊಳಗೆ ಬಂದಾಗ ಅದು ಅವಳು ದಿನದಿನವೂ ಮಾಡಬೇಕಾದ ದುಡಿಮೆಯಾಗಿ ಕಂಡಿತು. ಮಾಳವಿಕಾ ಆ ಪಾತ್ರವನ್ನು ಮಾಡಿದ ರೀತಿಯನ್ನು ನನ್ನ ಅಮ್ಮ ಇಂದಿಗೂ ನೆನೆಯುತ್ತಾರೆ.

ಆದ್ದರಿಂದ ಪಟ್ಟಿಯನ್ನು ಪಕ್ಕಕ್ಕಿಡಿ. ಎಲ್ಲಿಂದ ಶುರು ಮಾಡಲಿ ಎಂದರೆ ‘ತಿಥಿ’ಯಿಂದ ಎನ್ನುತ್ತೇನೆ. ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿರುವ ಆ ಚಿತ್ರದಲ್ಲಿ ಗಡ್ಡಪ್ಪ ಬೀಡಿ ಸೇದುತ್ತಾ ನಡೆಯುವುದನ್ನು ನೋಡುತ್ತ ನಿಮ್ಮ ಕಣ್ಣು ನಿಧಾನಕ್ಕೆ ಒಗ್ಗಿಕೊಳ್ಳುತ್ತದೆ, ನಡುನಡುವೆ ನಗುವೂ ಬರುತ್ತದೆ. ಅದರ ಬೆನ್ನಿಗೆ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನ ಸ್ವಾಮಿಯ ಕಂತುಗಳನ್ನು, ಒಂದು ಸಂಜೆಗೆ ಒಂದರಂತೆ ನೋಡಿ. ಆಮೇಲೆ ‘ತಬರನ ಕಥೆ’, ‘ದ್ವೀಪ’, ‘ಘಟಶ್ರಾದ್ಧ’. ‘ದ್ವೀಪ’ವನ್ನು ಮೊಬೈಲಿನಲ್ಲಿ ನೋಡಬೇಡಿ, ಮುಳುಗಡೆಯ ನೀರು ಮನೆಯತ್ತ ಏರುವುದನ್ನು ತೋರಿಸಲು ಆ ಪರದೆ ಸಾಲದು. ‘ಚೋಮನ ದುಡಿ’ಯನ್ನು ಕೊನೆಗಿಡಿ; ಅದಕ್ಕೂ ಮುನ್ನ ಶಿವರಾಮ ಕಾರಂತರ ಕಾದಂಬರಿ ಓದಿರಬೇಕಾದ ಅಗತ್ಯವೇನೂ ಇಲ್ಲ. ರಜೆಯೊಳಗೆ ಇಷ್ಟರಲ್ಲಿ ಅರ್ಧವೂ ಮುಗಿಯದಿದ್ದರೆ ಉಳಿದವನ್ನು ಮುಂದಿನ ರಜೆಗೆ ಇಟ್ಟುಕೊಳ್ಳಿ.